ಹೊಸ ಫಿಲ್ಟರಿನ ಮೊದಲ ಗುಟುಕು

ಹಳೆಯ ಡೀಸೆಲ್ ಫಿಲ್ಟರನ್ನು ಕೊಯ್ದು ನೋಡದೆ ನಾನು ಎಸೆಯುವುದಿಲ್ಲ. ಇದು ಮಿಸ್ತ್ರಿಯ ಹುಚ್ಚು ಎಂದು ಹುಮನಾಬಾದಿನ ಲಾರಿ ಸ್ಟ್ಯಾಂಡಿನವರು ನಗುತ್ತಾರೆ. ನಗಲಿ. ತಗಡಿನ ಫಿಲ್ಟರನ್ನು ವೈಸಿನಲ್ಲಿ ಕಚ್ಚಿಸಿ ಹ್ಯಾಕ್ಸಾ ಬ್ಲೇಡಿನಿಂದ ಕುತ್ತಿಗೆಯ ಸುತ್ತ ಕೊಯ್ದರೆ, ಒಳಗಿನ ಕಾಗದ ಹೊಸ ಸೀರೆಯ ನೆರಿಗೆಯಂತೆ ಒತ್ತೊತ್ತಾಗಿ ಕೂತಿರುತ್ತದೆ. ಅದನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಆ ಗಾಡಿ ಏನೇನು ಕುಡಿದಿದೆ ಎಂಬುದು ನನಗೆ ತಿಳಿಯುತ್ತದೆ. ನೀರು ಸೇರಿದ್ದರೆ ಕಾಗದ ಉಬ್ಬಿ ಅಲೆಅಲೆಯಾಗಿರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿದಿದ್ದರೆ ನೆರಿಗೆಯ ತುದಿಯಲ್ಲಿ ಕೆಂಪು ಪುಡಿ. ಕಲಬೆರಕೆಯ ಕಳ್ಳ ಡೀಸೆಲ್ ಹಾಕಿಸಿದ್ದರೆ ಕಪ್ಪು ಅಂಟು, ಮೂಗಿಗೆ ಹಿಡಿದರೆ ತಲೆ ತಿರುಗುವ ವಾಸನೆ. 'ಕಾಗದ ಸುಳ್ಳು ಹೇಳಂಗಿಲ್ಲ' ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಅದನ್ನು ಓದುವ ಮನುಷ್ಯ ಹೇಳಬಹುದು ಎಂಬುದು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ.

ನಾನು ಕೆಲಸ ಕಲಿತದ್ದು ಬಸವಕಲ್ಯಾಣದಲ್ಲಿ. ಆ ಊರಿನಲ್ಲಿ ಲಾರಿ ನಿಲ್ಲದ ಓಣಿ ಹುಡುಕಬೇಕು. ಒಂದು ಮನೆಯಲ್ಲಿ ಮಾಲೀಕ, ಪಕ್ಕದ ಮನೆಯಲ್ಲಿ ಡ್ರೈವರ್, ಎದುರು ಮನೆಯಲ್ಲಿ ಟಯರಿನವನು. ನನ್ನ ಉಸ್ತಾದರು ಅಲ್ಲಿ ಹೆಸರುವಾಸಿ. ಇಂಜಿನ್ ಸದ್ದನ್ನು ರಸ್ತೆಯಾಚೆಯಿಂದ ಕೇಳಿಯೇ ಯಾವ ಸಿಲಿಂಡರ್ ಸೋತಿದೆ ಎನ್ನುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಹೊಸ ಫಿಲ್ಟರನ್ನು ಖಾಲಿ ಕೂರಿಸುತ್ತಿರಲಿಲ್ಲ. ಡಬ್ಬಿಯಲ್ಲಿ ಒಂದಿಷ್ಟು ಡೀಸೆಲ್ ತಂದು, ಫಿಲ್ಟರಿನ ನಡುವಿನ ದೊಡ್ಡ ತೂತಿನಲ್ಲಿ ಕಂಠಮಟ್ಟ ತುಂಬಿಸಿ, ಆಮೇಲೆ ತಿರುವಿ ಬಿಗಿಯುತ್ತಿದ್ದರು.

"ಖಾಲಿ ಹೊಟ್ಟೀಲೆ ಯಾರನ್ನೂ ಕೆಲಸಕ್ಕ ಹಚ್ಚಬಾರದು ಬೇಟಾ. ಮೊದಲ್ ಗುಟುಕು ನಾವೇ ಕುಡಿಸಬೇಕು."

ಇದರಲ್ಲಿ ಲೆಕ್ಕಾಚಾರವೂ ಇತ್ತು. ಫಿಲ್ಟರ್ ಖಾಲಿ ಇದ್ದರೆ ಪೈಪಿನಲ್ಲಿ ಗಾಳಿ ಹಿಡಿಯುತ್ತದೆ, ಇಂಜಿನ್ ಏಳುವುದಿಲ್ಲ. ಗಾಳಿ ಹೊರಡಿಸಲು ಕೈಪಂಪನ್ನು ಒತ್ತಿ ಒತ್ತಿ ಅಂಗೈಗೆ ಬೊಬ್ಬೆ ಬರಬೇಕು. ಹೊಟ್ಟೆ ತುಂಬಿದ ಫಿಲ್ಟರಾದರೆ ಒಂದೇ ಸಲ ಸೆಲ್ಫ್ ಹೊಡೆದರೆ ಗಾಡಿ ಎದ್ದು ನಿಲ್ಲುತ್ತದೆ. ಆದರೆ ನಮ್ಮವರು ಆ ಪದ್ಧತಿಯನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡದ್ದು ಅಂಗೈ ಉಳಿಸಲಿಕ್ಕೆ ಮಾತ್ರ ಅಲ್ಲ. ದಾಸೋಹದ ಸೀಮೆ ನಮ್ಮದು. ಕೂಲಿಗೆ ಬಂದವರ ಕೈಗೆ ಮೊದಲು ರೊಟ್ಟಿ ಇಟ್ಟು ಆಮೇಲೆ ಕುಡಗೋಲು ಕೊಡುವ ಜನ. ಎತ್ತು ಮೇಯದೆ ಹೊಲಕ್ಕೆ ಹೋಗುವುದಿಲ್ಲ. ಫಿಲ್ಟರಿಗೂ ಅದೇ ಮರ್ಯಾದೆ ಸಿಕ್ಕಿತು. ಹುಮನಾಬಾದಿಗೆ ಬಂದು ಬೈಪಾಸಿನ ಹತ್ತಿರ ನನ್ನದೇ ಶೆಡ್ ಹಾಕಿದ ಮೇಲೂ ನಾನು ಒಂದು ಫಿಲ್ಟರನ್ನೂ ಉಪವಾಸ ಕೂರಿಸಲಿಲ್ಲ.

ಇಂಜಿನ್‌ಗಳು ಬದಲಾದವು, ನಾನು ಬದಲಾಗಲಿಲ್ಲ. ಈಗಿನ ಗಾಡಿಗಳಲ್ಲಿ ಡೀಸೆಲ್ ಚಿಮುಕಿಸುವ ಇಂಜೆಕ್ಟರಿನ ತೂತು ಕೂದಲಿಗಿಂತ ಸಣ್ಣದು. ಒಂದು ಕಸದ ಕಣ ಹೋದರೆ ಮುಗಿಯಿತು. ಹೊಸ ಫಿಲ್ಟರಿನ ನಡುವಿನ ತೂತಿಗೆ ಅವರೇ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕಳಿಸುತ್ತಾರೆ. ಮೈಮೇಲೆ ಒಂದು ಚಿತ್ರ: ಡೀಸೆಲ್ ಸುರಿಯುವ ಡಬ್ಬಿ, ಅದರ ಮೇಲೆ ಬೇಡವೆಂಬ ಕಾಟು ಗುರುತು. ಒಮ್ಮೆ ಗಾಡಿ ಕಂಪನಿಯ ಇಂಜಿನಿಯರ್ ಒಬ್ಬರು ನನ್ನ ಶೆಡ್ಡಿಗೇ ಬಂದು ಬಿಡಿಸಿ ಹೇಳಿದರು. ಸುತ್ತಲಿನ ಸಣ್ಣ ತೂತುಗಳಿಂದ ಡೀಸೆಲ್ ಒಳಗೆ ಬರುತ್ತದೆ, ಕಾಗದದಲ್ಲಿ ಸೋಸಿಕೊಂಡು ನಡುವಿನ ತೂತಿನಿಂದ ಇಂಜಿನ್ನಿಗೆ ಹೋಗುತ್ತದೆ. ನೀವು ನಡುವಿನ ತೂತಿನಲ್ಲೇ ಸುರಿದರೆ ಅದು ಸೋಸದೆ ನೇರ ಒಳಗೆ ಹೋದಂತೆ, ಎಂದರು. ನಾನು ಸುಮ್ಮನೆ ಕೇಳಿಸಿಕೊಳ್ಳುವ ಆಸಾಮಿಯೇ?

"ನೀವ್ ಹುಟ್ಟೂಕಿಂತ ಮೊದಲ ನಾ ಇಂಜಿನ್ ಇಳಿಸೀನಿ ಸಾಹೇಬ್ರ" ಎಂದೆ. ಅವರು ಚಹಾ ಕುಡಿಯದೆ ಹೋದರು. ಸ್ಟ್ಯಾಂಡಿನಲ್ಲಿ ಎರಡು ದಿನ ಆ ಮಾತನ್ನು ಹೇಳಿಕೊಂಡು ನಕ್ಕೆ.

ಆ ದಿನಗಳಲ್ಲೇ ಕೊಡಂಬಲದ ಡ್ರೈವರ್ ತನ್ನ ಗಾಡಿಯನ್ನು ಫಿಲ್ಟರ್ ಬದಲಿಸಲು ನನ್ನ ಶೆಡ್ಡಿಗೆ ತಂದ. ಗಾಡಿ ಬಸವಕಲ್ಯಾಣದ ಮಾಲೀಕರದು, ಹೊಸ ಮಾದರಿಯದು. ಡ್ರೈವರಿಗೆ ನಲವತ್ತರ ಹತ್ತಿರ ವಯಸ್ಸು, ಕುರಿ ಕಾಯುವ ಮನೆತನ, ಮಾತು ಕಡಿಮೆ. ಡೀಸೆಲ್ ವಿಷಯದಲ್ಲಿ ಅವನಷ್ಟು ಮಡಿವಂತನನ್ನು ನಾನು ನೋಡಿಲ್ಲ. ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಗೊತ್ತಿರುವ ಎರಡು ಬಂಕ್ ಬಿಟ್ಟು ಮೂರನೆಯ ಕಡೆ ಹಾಕಿಸುತ್ತಿರಲಿಲ್ಲ. ಹಿಂದಿನ ಸಲ ಅವನ ಹಳೆಯ ಫಿಲ್ಟರ್ ಕೊಯ್ದಾಗ ಕಾಗದ ಎಷ್ಟು ಚೊಕ್ಕವಾಗಿತ್ತೆಂದರೆ, ನಾಲ್ಕು ಜನರನ್ನು ಕರೆದು ತೋರಿಸಿದ್ದೆ.

ಹಳೆಯದನ್ನು ಬಿಚ್ಚಿದೆ. ಕೂರುವ ಜಾಗ ಒರೆಸಿದೆ, ರಬ್ಬರ್ ರಿಂಗಿಗೆ ಬೆರಳಿನಿಂದ ಡೀಸೆಲ್ ಸವರಿದೆ. ಡ್ರೈವರ್ ತನ್ನ ಕ್ಯಾಬಿನ್ನಿನಿಂದ ಸ್ಟೀಲ್ ಡಬ್ಬಿ ತಂದು, ಗಾಡಿಯ ಟ್ಯಾಂಕಿನಿಂದಲೇ ಪೈಪಿನಲ್ಲಿ ಡೀಸೆಲ್ ಎಳೆದು ಕೊಟ್ಟ. ನಾನು ಪ್ಲಾಸ್ಟಿಕ್ ಮುಚ್ಚಳ ಕಿತ್ತು, ನಡುವಿನ ತೂತಿನಲ್ಲಿ ಧಾರಾಳವಾಗಿ ಸುರಿದೆ. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಗಾಡಿ ಎದ್ದಿತು. "ನೋಡ್ದಿ? ಉಂಡಂವ ಹ್ಯಾಂಗ ಏಳ್ತಾನ" ಎಂದೆ. ಅವನು ನಕ್ಕ.

ಮೂರನೆಯ ದಿನ ಉಮರ್ಗಾ ದಾಟಿದ ಮೇಲೆ ಆ ಗಾಡಿ ನಡುಗಿ, ಬಿಳಿ ಹೊಗೆ ಬಿಟ್ಟು, ರಸ್ತೆ ಪಕ್ಕದಲ್ಲಿ ನಿಂತುಬಿಟ್ಟಿತು. ಎಳೆದು ತಂದು ನನ್ನ ಶೆಡ್ಡಿನ ಎದುರಿಗಿರುವ ಇಂಜೆಕ್ಷನ್ ಪಂಪಿನ ರಿಪೇರಿಯವರಿಗೆ ತೋರಿಸಿದರೆ ಇಂಜೆಕ್ಟರ್‌ಗಳು ಸವೆದು ಹಾಳಾಗಿದ್ದವು. ಡೀಸೆಲ್ ಕೆಟ್ಟದ್ದು ಎಂದರು ಅವರು. ಮಾಲೀಕರಿಗೆ ಅಷ್ಟು ಸಾಕಾಯಿತು. ಒಳ್ಳೆಯ ಡೀಸೆಲನ್ನು ಧಾಬಾದಲ್ಲಿ ಮಾರಿ, ಅಗ್ಗದ್ದನ್ನು ತುಂಬಿಸಿಕೊಂಡು ಹೋಗುವವರ ಕಥೆ ಹೈವೇಯಲ್ಲಿ ಎಲ್ಲರಿಗೂ ಗೊತ್ತು. ನಡೆದ ಕಥೆಯೂ ಹೌದು. ಆದ್ದರಿಂದ ಇದೂ ಅದೇ ಎಂದು ನಂಬುವುದು ಸುಲಭ.

ಮರುದಿನ ಮಾಲೀಕರು ಆ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಶೆಡ್ಡಿಗೆ ಬಂದರು. ಹಿಂದೆ ಡ್ರೈವರ್. ಸ್ಟ್ಯಾಂಡಿನ ಐದಾರು ಜನ ತಾವಾಗಿಯೇ ಸೇರಿದರು.

"ಮಿಸ್ತ್ರಿ, ನಿನ್ನ ಕಾಗದ ಸುಳ್ಳ ಹೇಳಂಗಿಲ್ಲ ಅಂತಿ. ಕೊಯ್ದು ಹೇಳು" ಎಂದರು ಮಾಲೀಕರು.

ಕೊಯ್ದೆ. ಹೊರಮೈಯ ಕಾಗದ ಹೊಸದರಂತೆ ಚೊಕ್ಕ. ಅಂದರೆ ಟ್ಯಾಂಕಿನಿಂದ ಬಂದ ಡೀಸೆಲ್ ಶುದ್ಧ, ಡ್ರೈವರ್ ಶುದ್ಧ. ಆಮೇಲೆ ನಡುವಿನ ಕೊಳವೆಯನ್ನು ಬಗ್ಗಿಸಿ ಒಳಗೆ ನೋಡಿದೆ. ತಳದಲ್ಲಿ ಬೂದಿ ಬಣ್ಣದ ನುಣ್ಣನೆಯ ಪುಡಿ ಕೂತಿತ್ತು. ಸೋಸಿದ ಡೀಸೆಲ್ ಮಾತ್ರ ಇರಬೇಕಾದ ಜಾಗ ಅದು. ಅಲ್ಲಿಗೆ ಕಸ ಬರಲು ಇರುವುದು ಒಂದೇ ದಾರಿ: ಮೇಲಿನಿಂದ ಯಾರಾದರೂ ಸುರಿಯಬೇಕು. ಆ ಇಂಜಿನಿಯರ್ ಹೇಳಿದ್ದೆಲ್ಲ ನನಗೆ ಆ ಕ್ಷಣದಲ್ಲಿ ಅರ್ಥವಾಯಿತು.

"ಏನ್ ಅಂತದ ಕಾಗದ?"

"ಹೊಲಸು ಅದರಿ" ಎಂದೆ.

ಸುಳ್ಳಲ್ಲ. ಹೊಲಸು ಇತ್ತು. ಎಲ್ಲಿ, ಹೇಗೆ ಎಂದು ಮಾತ್ರ ಹೇಳಲಿಲ್ಲ. ಮಾಲೀಕರು ಕೊಯ್ದ ಫಿಲ್ಟರಿನ ಫೋಟೋ ಹೊಡೆದುಕೊಂಡರು. ಡ್ರೈವರ್ ಒಂದು ಹೆಜ್ಜೆ ಮುಂದೆ ಬಂದು ಆ ಪುಡಿಯನ್ನು ನೋಡಿದ, ಬೆರಳಿನಿಂದ ಮುಟ್ಟಿ ತಿಕ್ಕಿದ. ಅವನ ಮುಖದ ಬಣ್ಣ ಇಳಿಯಿತು. ಈಗ ಬಾಯಿ ಬಿಡುತ್ತಾನೆ, ನೀವೇ ಸುರಿದಿರಲ್ಲ ಎನ್ನುತ್ತಾನೆ ಎಂದು ನಾನು ಕಾದೆ. ಖರೆ ಹೇಳುತ್ತೇನೆ, ಅವನು ಅಂದಿದ್ದರೆ ಜಗಳಕ್ಕೆ ಸಿದ್ಧನಾಗಿದ್ದೆ. ಅವನು ಏನೂ ಅನ್ನಲಿಲ್ಲ. ಮಾಲೀಕರು ಕೈ ಚಾಚಿದಾಗ ಕೀಲಿ ಕೊಟ್ಟ. ಎದುರಿಗೆ ನಿಂತಿದ್ದ ಗಾಡಿಯ ಕ್ಯಾಬಿನ್ನಿನಿಂದ ತನ್ನ ಚಾದರ, ಬುತ್ತಿ, ಆ ಸ್ಟೀಲ್ ಡಬ್ಬಿ ಇಳಿಸಿಕೊಂಡು ರಸ್ತೆ ಕಡೆ ನಡೆದ.

ಒಂಬತ್ತು ದಿನ ನಾನು ಸುಮ್ಮನಿದ್ದೆ. ಮೊದಲ ದಿನ ಅಂದುಕೊಂಡೆ, ಒಳ್ಳೆಯ ಡ್ರೈವರ್, ನಾಳೆ ಬೇರೆ ಗಾಡಿ ಸಿಗುತ್ತದೆ. ಎರಡನೆಯ ದಿನ ಆ ಫೋಟೋ ನನ್ನ ಫೋನಿಗೇ ಬಂತು. ಲಾರಿಯವರ ಗ್ರೂಪಿನಲ್ಲಿ ಯಾರೋ ಹಾಕಿದ್ದರು: ಡೀಸೆಲ್ ಕಳ್ಳನ ಫಿಲ್ಟರ್ ನೋಡಿರಿ. ಕೆಳಗೆ ಅವನ ಊರು, ಅವನ ಗಾಡಿಯ ನಂಬರು. ಫೋಟೋದ ಅಂಚಿನಲ್ಲಿ ಫಿಲ್ಟರ್ ಹಿಡಿದ ನನ್ನ ಹೆಬ್ಬೆರಳು, ಉಗುರಿನ ಗಾಯದ ಸಮೇತ. ಕಲಬುರಗಿ, ಜಹೀರಾಬಾದ್, ಸೊಲ್ಲಾಪುರದವರೆಗೆ ಆ ಹೆಬ್ಬೆರಳು ಹೋಯಿತು. ಇನ್ನು ಅವನಿಗೆ ಯಾರು ಸ್ಟೇರಿಂಗ್ ಕೊಡುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಎಷ್ಟು ಸಲ ಆಡಿದ್ದೇನೋ. ಜ್ವರ ಬಂದ ಎತ್ತು ನಾನೇ ಆಗಿ ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು, ಅದೊಂದು ಹೋದರೆ ನನ್ನಲ್ಲಿ ಉಳಿಯುವುದೇನು ಎಂಬ ಹೆದರಿಕೆ. ಆ ದಿನಗಳಲ್ಲಿ ಎರಡು ಗಾಡಿಗಳ ಫಿಲ್ಟರ್ ಬದಲಿಸಿದೆ. ಎರಡನ್ನೂ ಖಾಲಿಯೇ ಕೂರಿಸಿ, ಕೈಪಂಪು ಒತ್ತಿದೆ. ಯಾರಾದರೂ ಯಾಕೆ ಎಂದು ಕೇಳಿಯಾರು ಎಂದು ಬೆನ್ನು ತಿರುಗಿಸಿ ಒತ್ತಿದೆ.

ಒಂಬತ್ತನೆಯ ದಿನ ಬಸವಕಲ್ಯಾಣಕ್ಕೆ ಉಸ್ತಾದರ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಮೊದಲಿನ ಹಾಗೇ ಚುರುಕು. ಎಲ್ಲ ಹೇಳಿದೆ. ಹೇಳುವಾಗ ನನ್ನೊಳಗಿದ್ದ ಆಸೆಯೂ ನನಗೆ ಗೊತ್ತಿತ್ತು. ನೀವೇ ಕಲಿಸಿದ್ದಲ್ಲವೇ ಎಂದು ನಾನು ಅನ್ನಬೇಕು, ಹೌದು ಬೇಟಾ, ತಪ್ಪು ನಂದು ಎಂದು ಅವರು ಅನ್ನಬೇಕು. ಆಗ ಭಾರ ಅವರ ತಲೆಗೆ, ನಾನು ಹಗುರ.

ಅವರು ಪೂರ್ತಿ ಕೇಳಿ, "ಆ ಫಿಲ್ಟರ್ ಮ್ಯಾಲ ಏನಾರೆ ಬರದಿತ್ತೇನ?" ಎಂದರು.

"ಚಿತ್ರ ಇತ್ತರಿ. ಡಬ್ಬಿ ಮ್ಯಾಲ ಕಾಟು ಹೊಡದಿದ್ರು."

"ನಿನಗ ಕಾಣಾಕತ್ತಿತ್ತು?"

"ಕಾಣಾಕತ್ತಿತ್ರಿ."

"ಮತ್ತ ನನ್ನ ಹತ್ರ ಯಾಕ ಬಂದಿ? ನಾ ಕಲಿಸಿದ್ದು ಆ ಕಾಲದ ಇಂಜಿನ್‌ದ ಮಾತು. ಸುಮ್ನ ಕುಂದ್ರೂದು ನಾ ಕಲಿಸಿಲ್ಲ. ನೀ ಆ ಮನಿಷ್ಯಾನ ಮನಿಗಿ ಹೋಗಬೇಕಿತ್ತು, ನನ್ನ ಮನಿಗಿ ಬಂದಿ."

ಅವರು ಗದರಲಿಲ್ಲ. ಗದರಿದ್ದರೆ ನಾನೂ ನಾಲ್ಕು ಮಾತಾಡಿ ಬರುತ್ತಿದ್ದೆ. ಎದ್ದು ಕಾಲು ಮುಟ್ಟಿ, ಅಲ್ಲಿಂದ ನೇರ ಮಾಲೀಕರ ಆಫೀಸಿಗೆ ಹೋದೆ. ಮೂರ್ನಾಲ್ಕು ಡ್ರೈವರ್‌ಗಳು ಬಾಡಿಗೆಗಾಗಿ ಕಾಯುತ್ತ ಕೂತಿದ್ದರು. ಅವರು ಹೊರಗೆ ಹೋಗಲಿ ಎಂದು ಮನಸ್ಸು ಹೇಳಿತು. ಬಾಯಿ ಅದಕ್ಕಿಂತ ಮೊದಲೇ ತೆರೆಯಿತು, ದೇವರು ದೊಡ್ಡವನು.

"ಮಾಲಕ್ರ, ಡೀಸೆಲ್ ಛಲೋ ಇತ್ತರಿ. ಹೊಲಸು ಹಾಕಿದಂವ ನಾನು" ಎಂದು ಮೊದಲಿನಿಂದ ಕೊನೆಯವರೆಗೂ ಹೇಳಿದೆ.

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಆವತ್ತ ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು ಮಿಸ್ತ್ರಿ? ನಾ ಆ ಮನಿಷ್ಯಾಗ ಏನೇನ್ ಅಂದೀನಿ ಗೊತ್ತದ ನಿಂಗ?" ಎಂದರು. ಅವರ ನಷ್ಟವನ್ನು ತುಂಬಿಕೊಡುವ ಮಾತು ಆಮೇಲೆ ಮುಗಿಯಿತು, ಅದು ಇಲ್ಲಿ ಬೇಡ. ಆ ಫೋಟೋ ಹೋದ ಗ್ರೂಪಿಗೇ ನನ್ನ ದನಿಯಲ್ಲೇ ಹೇಳಿ ಕಳಿಸಿದೆ: ಡ್ರೈವರ್ ಕಳ್ಳ ಅಲ್ಲ, ಫಿಲ್ಟರ್ ತಪ್ಪು ಕೂರಿಸಿದ್ದು ನಾನು, ಫೋಟೋದಾಗಿನ ಹೆಬ್ಬೆರಳು ನಂದು. ನನ್ನ ದನಿ ನನಗೇ ಬೇರೆಯವರದರಂತೆ ಕೇಳಿಸಿತು.

ಅದೇ ಸಂಜೆ ಮೋಟಾರ್ ಸೈಕಲ್ಲಿನಲ್ಲಿ ಕೊಡಂಬಲಕ್ಕೆ ಹೋದೆ. ಡ್ರೈವರ್ ಅಣ್ಣನ ಕುರಿ ಹೊಡೆದುಕೊಂಡು ಹೋಗಿದ್ದ, ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟು ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ಕಾಕಾ, ತಪ್ಪು ನಂದರಿ. ಅವ್ರ ಗಾಡ್ಯಾಗಿನ ಡಬ್ಬಿ ಜಿಡ್ಡು ಜಿಡ್ಡು ಆಗಿತ್ತು. ಛಲೋ ಆಗ್ಲಿ ಅಂತ ಬೂದಿ ಹಚ್ಚಿ ತಿಕ್ಕಿದ್ದೆ. ಬೂದಿ ಕಂಠದ ಸಂದ್ಯಾಗ ಉಳದಿತ್ತು ಕಾಣ್ತದ. ಅದೇ ಇಂಜಿನ್‌ನಾಗ ಹೋಗ್ಯದ. ಅವ್ರು ಏನೂ ಹೇಳಿಲ್ರಿ. ಬಂದ ದಿನ ಡಬ್ಬಿ ತಗದು ಹಿತ್ತಲದಾಗ ಒಗದ್ರು, ಆವಾಗ ನನಗೇ ತಿಳೀತು. ಒಂಬತ್ತ ದಿನ ಆತು, ನನಗ ಒಂದು ಮಾತು ಅಂದಿಲ್ಲ. ಬೈದಿದ್ರ ಛಲೋ ಇತ್ತು."

ನಾನು ಕಟ್ಟೆಯ ಮೇಲೆ ಕೂತೆ. ಆ ಬೂದಿ ಬಣ್ಣದ ಪುಡಿ! ಶೆಡ್ಡಿನಲ್ಲಿ ಅವನು ಅದನ್ನು ಬೆರಳಿನಿಂದ ತಿಕ್ಕಿ ನೋಡಿದ ಕೂಡಲೇ ಗುರುತು ಹಿಡಿದಿದ್ದ. ನನ್ನ ಮಡಿವಂತ ಡ್ರೈವರ್ ಅಂದೇ ತಪ್ಪು ತನ್ನ ಮನೆಯದು ಎಂದು ತೀರ್ಮಾನಿಸಿಬಿಟ್ಟಿದ್ದ. ಡಬ್ಬಿಯ ಮಾತು ಎತ್ತಿದರೆ ಹೆಂಡತಿಯ ಹೆಸರು ಐದಾರು ಗಂಡಸರ ಬಾಯಿಗೆ ಬೀಳುತ್ತಿತ್ತು. ಅದಕ್ಕೆ ಕಳ್ಳ ಅನ್ನಿಸಿಕೊಂಡು ಕೀಲಿ ಕೊಟ್ಟು ಬಂದಿದ್ದ.

"ತಂಗಿ, ಕೇಳಿಲ್ಲಿ" ಎಂದೆ. "ಡಬ್ಬಿ ಎಷ್ಟ ತೊಳದಿದ್ರೂ ಅಷ್ಟೇ. ಆ ತೂತಿನಾಗ ಡೀಸೆಲ್ ಹಾಕಬಾರದು ಅಂತ ಬರದಿತ್ತು. ನಾ ಹಾಕೀನಿ. ಟ್ಯಾಂಕಿನ ಕಡಿಂದ ಬಂದಿದ್ರ ನಿನ್ನ ಬೂದಿ ಕಾಗದದಾಗ ನಿಂದರ್ತಿತ್ತು, ಒಳಗ ಹೋಗ್ತಿದ್ದಿಲ್ಲ. ಇದು ನಿಂದಲ್ಲ, ನಿನ್ನ ಗಂಡಂದಲ್ಲ. ನಂದು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಅಷ್ಟರಲ್ಲಿ ಕುರಿಗಳು ಬಂದವು, ಹಿಂದೆ ಅವನು. ಅವನಿಗೂ ಎಲ್ಲವನ್ನೂ ನಿಂತು ಹೇಳಿದೆ. ಮಾಲೀಕರಿಗೆ ಹೇಳಿದ್ದು, ಗ್ರೂಪಿಗೆ ಕಳಿಸಿದ್ದು, ಮಾಲೀಕರು ನಾಳೆಯೇ ಬಂದು ಗಾಡಿ ಹತ್ತು ಎಂದದ್ದು. ಅವನು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಆನಿಸಿ ಕೇಳಿಸಿಕೊಂಡ.

"ನಿಮಗ ಯಾವಾಗ ಗೊತ್ತಾತ್ರಿ ಕಾಕಾ?" ಎಂದ.

"ಕೊಯ್ದಾಗೇ."

"ಆವತ್ತೇ?"

"ಆವತ್ತೇ."

ಅವನು ಹೆಂಡತಿಯ ಕಡೆ ನೋಡಿದ, ಮತ್ತೆ ನನ್ನ ಕಡೆ. "ನಾ ಸುಮ್ನಿದ್ದದ್ದು ಈಕಿ ಸಲುವಾಗಿ. ನೀವು ಯಾರ ಸಲುವಾಗಿ ಸುಮ್ನಿದ್ರಿ?"

ಬೈಗುಳವಲ್ಲ, ಸಿಟ್ಟೂ ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ. ನನ್ನದು ಎಂಥೆಂಥವರ ಬಾಯಿ ಮುಚ್ಚಿಸಿದ ಬಾಯಿ. ಅವತ್ತು ಅದರಿಂದ ಬಂದದ್ದು ಇಷ್ಟೇ: "ನನ್ನ ಸಲುವಾಗೇ."

ಅವನು ತಲೆಯಾಡಿಸಿ ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಲು ಹೋದ. ಅವಳು ಚಹಾ ಮಾಡಿಕೊಟ್ಟಳು. ಕುಡಿದು ಬಂದೆ.

ಈಗ ಅವನು ಅದೇ ಗಾಡಿ ಓಡಿಸುತ್ತಾನೆ, ಫಿಲ್ಟರ್ ಬದಲಿಸಲು ನನ್ನ ಶೆಡ್ಡಿಗೇ ಬರುತ್ತಾನೆ. ಬೇರೆ ಕಡೆ ಹೋಗಬಹುದಿತ್ತು, ಹೋಗಿಲ್ಲ. ಸ್ಟ್ಯಾಂಡಿನ ಕೆಲವರು ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ಇವನು ಮೊದಲಿನಂತೆಯೇ ಕಾಕಾ ಎನ್ನುತ್ತಾನೆ, ಮನೆಯ ಸುದ್ದಿ ಹೇಳುತ್ತಾನೆ, ಅವನ ಹೆಂಡತಿ ಒಮ್ಮೆ ಸೇರು ತೊಗರಿಬೇಳೆ ಕಳಿಸಿದ್ದಳು. ಮೊದಲೆಲ್ಲ ಕೀಲಿ ಕೊಟ್ಟು, ಮಾಣಿಕನಗರದ ಕಡೆ ಒಂದು ಸುತ್ತು ಹಾಕಿ, ಕೆಲಸ ಮುಗಿದ ಮೇಲೆ ಬರುವುದೂ ಇತ್ತು. ಈಗ ಹೋಗುವುದಿಲ್ಲ. ನಾನು ಹೊಸ ಫಿಲ್ಟರಿನ ಮುಚ್ಚಳ ತೆಗೆಯುವಾಗ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಖಾಲಿ ಕೂರಿಸಿ, ಬಿಗಿದು, ಕೈಪಂಪನ್ನು ನೂರು ಸಲ ಒತ್ತಿ, ಗಾಳಿಯ ಗುಳ್ಳೆ ನಿಂತು ಡೀಸೆಲ್ ಬರುವ ತನಕ ಅವನ ಕಣ್ಣು ನನ್ನ ಕೈಮೇಲೆ ಇರುತ್ತದೆ. "ಹೊತ್ತಾಗ್ತದ, ಕುಂದ್ರು" ಎಂದು ನಾನು ಪ್ರತಿ ಸಲ ಹೇಳುತ್ತೇನೆ.

"ಇರ್ಲಿ ಬಿಡ್ರಿ ಕಾಕಾ" ಎಂದು ಅವನು ನಿಂತೇ ಇರುತ್ತಾನೆ.